ರೈಲು ಕಾಯುವ ಸೇತುವೆ

ಮೊದಲ ಸಲ ಅದು ಆದಾಗ ನಾನು ಮ್ಯಾಕ್ಸ್ ರೈಲಿನ ಕಿಟಕಿ ಪಕ್ಕ ಕೂತಿದ್ದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಲೋಕಲ್ ರೈಲು ಅದು. ನಮ್ಮ ಮೆಟ್ರೋ ಹಾಗೆ ಕಂಬದ ಮೇಲಲ್ಲ, ಊರ ನಡುವೆ ಬೀದಿಯಲ್ಲೇ ಓಡುತ್ತದೆ. ಶನಿವಾರದ ಸಂತೆ ನೋಡಿಕೊಂಡು ಮಗಳ ಜೊತೆ ನದಿಯ ಆಚೆ ದಡಕ್ಕೆ ಹೊರಟಿದ್ದೆ. ಓಲ್ಡ್ ಟೌನ್ ಸ್ಟೇಷನ್ ದಾಟಿ ಸ್ಟೀಲ್ ಬ್ರಿಡ್ಜ್ ಅನ್ನುವ ಸೇತುವೆಯ ಕಡೆ ತಿರುಗುವ ಜಾಗದಲ್ಲಿ ರೈಲು ನಿಂತಿತು. ಎರಡು ನಿಮಿಷ ಆಯಿತು, ಐದು ನಿಮಿಷ ಆಯಿತು. ಡ್ರೈವರ್ ಮೈಕಿನಲ್ಲಿ ಏನೋ ಹೇಳಿದರು. "ಸೇತುವೆ ಎತ್ತಿದಾರಂತೆ ಅಮ್ಮ, ಕಾಯ್ಬೇಕು" ಅಂದಳು ಮಗಳು. ಹಳಿ ಅಲ್ಲಿ ಬಾಗುವುದರಿಂದ ಕಿಟಕಿಯಿಂದಲೇ ಮುಂದಿನದು ಕಾಣುತ್ತಿತ್ತು. ನಾವು ಹೋಗಬೇಕಾದ ದಾರಿಯೇ ಅಲ್ಲಿರಲಿಲ್ಲ. ಹಳಿ, ಡಾಂಬರು, ಕಟಕಟೆ, ತಂತಿ ಎಲ್ಲವನ್ನೂ ಹೊತ್ತುಕೊಂಡು ಸೇತುವೆಯ ನಡುಭಾಗ ಆಕಾಶಕ್ಕೆ ಏರಿ ನಿಂತಿತ್ತು. ಅದರಡಿ ಒಂದು ಸಣ್ಣ ಟಗ್ ಬೋಟು, ಎತ್ತರದ ಕ್ರೇನ್ ಹೊತ್ತ ಬಾರ್ಜೊಂದನ್ನು (ಚಪ್ಪಟೆ ತಳದ ಸರಕು ದೋಣಿ) ನಿಧಾನವಾಗಿ ತಳ್ಳಿಕೊಂಡು ಹೋಗುತ್ತಿತ್ತು. ರೈಲಿನಲ್ಲಿದ್ದ ನೂರಾರು ಜನ ಫೋನ್ ನೋಡುತ್ತಾ ಸುಮ್ನೆ ಕೂತಿದ್ದರು. ಹಿಂದೆ ಬಸ್ಸುಗಳು, ಕಾರುಗಳು ಸಾಲಾಗಿ ನಿಂತವು. ಬಾರ್ಜು ದಾಟಿತು. ಸೇತುವೆ ಇಳಿಯಿತು. ನಾವು ಹೊರಟೆವು.

ಮಗಳಿಗೆ ಅದು ದಿನನಿತ್ಯದ ಸಂಗತಿ. ನನಗೆ ಮಾತ್ರ ಅವತ್ತು ರಾತ್ರಿಯೆಲ್ಲ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಯಾಕೆಂದರೆ ನಾನು ಬೆಳೆದದ್ದು ಬೀರೂರಿನ ಹತ್ತಿರ, ರೈಲ್ವೆ ಗೇಟಿನ ಪಕ್ಕದ ಹಳ್ಳಿಯಲ್ಲಿ. ರೈಲಿಗಾಗಿ ಎಲ್ಲರೂ ಕಾಯುವುದನ್ನು ನೋಡಿಕೊಂಡೇ ದೊಡ್ಡವಳಾದವಳು ನಾನು. ನಮ್ಮ ಗೇಟು ಕಾಯುತ್ತಿದ್ದವರನ್ನು ಮಕ್ಕಳೆಲ್ಲ ಗೇಟಜ್ಜ ಅಂತ ಕರೆಯುತ್ತಿದ್ದೆವು. ಸ್ಟೇಷನ್ನಿನಿಂದ ಫೋನ್ ಬಂದ ಕೂಡಲೇ ಅಜ್ಜ ಹೊರಗೆ ಬಂದು ಕಬ್ಬಿಣದ ಹಿಡಿ ತಿರುಗಿಸುತ್ತಿದ್ದರು. ಕೆಂಪು ಬಿಳಿ ಪಟ್ಟೆಯ ಕಂಬಗಳು ಗಂಟೆ ಬಾರಿಸುತ್ತಾ ಇಳಿಯುತ್ತಿದ್ದವು. ಎತ್ತಿನ ಗಾಡಿ, ತೆಂಗಿನಕಾಯಿ ಲಾರಿ, ಕಡೂರಿನ ಬಸ್ಸು, ಎಲ್ಲ ನಿಲ್ಲಬೇಕು. ಒಮ್ಮೆ ಮದುವೆ ದಿಬ್ಬಣದ ವ್ಯಾನು ಸಿಕ್ಕಿಹಾಕಿಕೊಂಡಿತು. ಹುಡುಗನ ಕಡೆಯವರು ಇಳಿದು ಬಂದು, ಮುಹೂರ್ತ ಮೀರುತ್ತೆ, ಒಂದೇ ನಿಮಿಷ ಎತ್ತಿಬಿಡಿ ಅಂತ ಕೈ ಮುಗಿದರು. ಗೇಟಜ್ಜ ಹಿಡಿಯ ಮೇಲಿನ ಕೈ ತೆಗೆಯಲಿಲ್ಲ. "ಮುಹೂರ್ತ ನಿಮ್ದು ಸ್ವಾಮಿ, ರೈಲು ಸರ್ಕಾರದ್ದು" ಅಂದರು. ಆ ಮಾತು ನಮ್ಮ ಮನೆಯಲ್ಲಿ ಗಾದೆಯ ಹಾಗೆ ಉಳಿಯಿತು. ಅಂಥ ರೈಲು ಇಲ್ಲಿ ಒಂದು ಬಾರ್ಜಿಗೆ ದಾರಿ ಬಿಟ್ಟು ನಿಂತಿತ್ತು. ಯಾರು ಯಾರಿಗೆ ಕಾಯಬೇಕು ಅನ್ನೋದನ್ನ ಈ ಊರಲ್ಲಿ ಯಾರು, ಯಾವಾಗ, ಹೇಗೆ ತೀರ್ಮಾನ ಮಾಡಿದರು? ಮಗಳ ಮನೆಯಲ್ಲಿ ಇನ್ನೂ ನಾಲ್ಕು ತಿಂಗಳು ಇರುವುದಿತ್ತು. ಅದನ್ನೇ ಹುಡುಕಿಕೊಂಡು ಹೊರಟೆ.

ಮೊದಲು ಬಂದದ್ದು ನದಿ

ನದಿಯ ಹೆಸರು ವಿಲ್ಯಾಮೆಟ್. ನಡುವಿನ "ಲ್ಯಾ" ಒತ್ತಿ ಹೇಳಬೇಕು ಅಂತ ಮಗಳು ಎಷ್ಟೋ ಸಲ ತಿದ್ದಿದಳು. ದಕ್ಷಿಣದಿಂದ ಉತ್ತರಕ್ಕೆ ಹರಿದು, ಊರು ದಾಟಿ ಸ್ವಲ್ಪ ದೂರದಲ್ಲಿ ಕೊಲಂಬಿಯಾ ನದಿ ಸೇರುತ್ತದೆ. ಈ ಊರು ಹುಟ್ಟಿದ್ದೇ ಈ ನೀರಿನಿಂದ. ಸಮುದ್ರದಿಂದ ಹಡಗುಗಳು ಇಲ್ಲಿಯವರೆಗೆ ಬರುತ್ತಿದ್ದವು, ಮರ ಮತ್ತು ಗೋಧಿ ತುಂಬಿಕೊಂಡು ಹೋಗುತ್ತಿದ್ದವು. ರೈಲು ಆಮೇಲೆ ಬಂತು. ಬಂದರೂ ನದಿ ದಾಟಲಿಲ್ಲ. ಪೂರ್ವದಿಂದ ರೈಲಿನಲ್ಲಿ ಬಂದವರು ಆಚೆ ದಡದಲ್ಲೇ ಇಳಿದು, ಗಂಟುಮೂಟೆ ಹೊತ್ತು, ದೋಣಿ ಹಿಡಿದು ಊರು ಸೇರಬೇಕಿತ್ತು. ಆಗ ಎರಡು ದಡಗಳಲ್ಲಿ ಬೇರೆ ಬೇರೆ ಊರುಗಳೇ ಇದ್ದವು. ಪಶ್ಚಿಮದಲ್ಲಿ ಪೋರ್ಟ್‌ಲ್ಯಾಂಡ್, ಪೂರ್ವದಲ್ಲಿ ಈಸ್ಟ್ ಪೋರ್ಟ್‌ಲ್ಯಾಂಡ್ ಮತ್ತು ಆಲ್ಬೈನಾ.

1888ರಲ್ಲಿ ಮೊದಲ ರೈಲು ಸೇತುವೆ ಬಂತು. ಆಗೆಲ್ಲ ಸೇತುವೆಗಳನ್ನು ಮರದಲ್ಲೋ ಮೆದು ಕಬ್ಬಿಣದಲ್ಲೋ ಕಟ್ಟುತ್ತಿದ್ದರು. ಇದನ್ನು ಉಕ್ಕಿನಲ್ಲಿ ಕಟ್ಟಿದ್ದೇ ದೊಡ್ಡ ಸುದ್ದಿ. ಹಾಗಾಗಿ ಹೆಸರೇ ಸ್ಟೀಲ್ ಬ್ರಿಡ್ಜ್ ಅಂತ ನಿಂತಿತು. ಮೂರು ವರ್ಷದಲ್ಲಿ, 1891ರಲ್ಲಿ, ಮೂರೂ ಊರು ಸೇರಿ ಒಂದಾದವು. ಸೇತುವೆ ಇಲ್ಲದಿದ್ದರೆ ಅದು ಅಷ್ಟು ಬೇಗ ಆಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಆದರೆ ಆ ಸೇತುವೆ ಹಡಗುಗಳ ದಾರಿಯನ್ನು ಮುಚ್ಚುವ ಹಾಗಿರಲಿಲ್ಲ. ಹಡಗು ಓಡುವ ನದಿ ಅಲ್ಲಿ ಎಲ್ಲರ ಹೆದ್ದಾರಿ ಇದ್ದ ಹಾಗೆ. ಅದರ ಮೇಲೆ ಸೇತುವೆ ಕಟ್ಟಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು ಅನ್ನೋದನ್ನ 1899ರ ಕಾನೂನು ಗಟ್ಟಿ ಮಾಡಿತು. ಆಮೇಲೆ ಬಂದವನು ಮೊದಲು ಬಂದವನಿಗೆ ದಾರಿ ಬಿಡಬೇಕು. ಮೊದಲು ಬಂದದ್ದು ನದಿ. ಎಷ್ಟೇ ದೊಡ್ಡ ರೈಲ್ವೆ ಕಂಪನಿ ಆಗಲಿ, ದೋಣಿಯವನು ಕೇಳಿದಾಗ ತೆರೆಯಬೇಕು.

ಹಾಗಾದರೆ ಸೇತುವೆಯನ್ನೇ ಎತ್ತರಕ್ಕೆ ಕಟ್ಟಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ರೈಲಿಗೆ ಏರು ಆಗಿಬರುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿ ನೆನಪಿಸಿಕೊಳ್ಳಿ. ಅಲ್ಲಿ 50 ಅಡಿ ಹೋದರೆ ಒಂದು ಅಡಿ ಏರು, ಅಷ್ಟೇ. ಅಷ್ಟಕ್ಕೇ ಹಿಂದಿನಿಂದ ತಳ್ಳಲು ಬೇರೆ ಇಂಜಿನ್ ಬೇಕು. ಇಲ್ಲಿ ಸ್ಟೇಷನ್ನೂ, ಗೂಡ್ಸ್ ಯಾರ್ಡೂ ನದಿಯ ದಡಕ್ಕೆ ಅಂಟಿಕೊಂಡೇ ಇವೆ. ಹಡಗಿನ ಕೂವೆಮರದಷ್ಟು ಎತ್ತರಕ್ಕೆ ಹಳಿ ಏರಿಸಬೇಕಾದರೆ ಊರ ಒಳಗಿಂದ ಮೈಲಿಗಟ್ಟಲೆ ದಿಣ್ಣೆ ಕಟ್ಟಿಕೊಂಡು ಬರಬೇಕು. ಆದ್ದರಿಂದ ಸೇತುವೆ ನೀರಿಗೆ ಹತ್ತಿರವೇ ಇರಬೇಕು. ಹತ್ತಿರ ಇರುವುದರಿಂದ ಅದು ಸರಿಯಲೇಬೇಕು.

1888ರದ್ದು ಬಾಗಿಲಿನ ಹಾಗೆ ಅಡ್ಡಕ್ಕೆ ತಿರುಗುವ ಸೇತುವೆ. ನದಿಯ ನಡುವಿನ ಕಂಬದ ಮೇಲೆ ಬೀಸುವ ಕಲ್ಲಿನಂತೆ ಸುತ್ತುತ್ತಿತ್ತು. ಆ ಕಂಬವೇ ಹಡಗಿನ ದಾರಿಯನ್ನು ಅರ್ಧ ತಿನ್ನುತ್ತಿತ್ತು. ಇನ್ನೊಂದು ತೊಂದರೆ, ಅದಕ್ಕೆ ಎರಡು ಅಂತಸ್ತು ಇತ್ತು, ಕೆಳಗೆ ರೈಲು, ಮೇಲೆ ಗಾಡಿ. ತಿರುಗಿದರೆ ಎರಡೂ ಒಟ್ಟಿಗೆ ಬಂದ್. ಸಣ್ಣ ದೋಣಿಗೂ ಇಡೀ ಊರು ನಿಲ್ಲಬೇಕು. ದಾರಿ ಬಿಡುವುದರಲ್ಲಿ ಅಪಾಯವೂ ಇತ್ತು. ಇದೇ ನದಿಯ ಮ್ಯಾಡಿಸನ್ ಸ್ಟ್ರೀಟ್ ಸೇತುವೆ ಹಡಗಿಗೆ ತೆರೆದಿದ್ದಾಗ, 1893ರ ನವೆಂಬರ್ 1ರ ಬೆಳಿಗ್ಗೆ ಒಂದು ಟ್ರಾಮು ನಿಲ್ಲಲಾಗದೆ ನೇರ ನದಿಗೆ ಬಿತ್ತು. 7 ಜನ ಸತ್ತರು. ಇದನ್ನು ಓದಿದ ಮೇಲೆ, ಗೇಟಜ್ಜ ಹಿಡಿಯ ಮೇಲಿಂದ ಕೈ ತೆಗೆಯದೆ ನಿಂತಿದ್ದು ಯಾಕೆ ಅಂತ ಇನ್ನೊಂದು ಥರ ಅರ್ಥವಾಯಿತು.

ಜೋಡಿ ಕೊಡದ ಬಾವಿ

ಈಗ ಇರುವ ಸ್ಟೀಲ್ ಬ್ರಿಡ್ಜ್ 1912ರದ್ದು. ಹಳೆಯ ಹೆಸರನ್ನೇ ಇಟ್ಟುಕೊಂಡಿತು. ಇದರ ನಕ್ಷೆ ಮಾಡಿದವರು ಕಾನ್ಸಾಸ್ ಸಿಟಿಯ ವ್ಯಾಡೆಲ್ ಮತ್ತು ಹ್ಯಾರಿಂಗ್ಟನ್ ಅನ್ನುವ ಇಬ್ಬರು ಎಂಜಿನಿಯರುಗಳು. ವ್ಯಾಡೆಲ್ ಕೆನಡಾದಲ್ಲಿ ಹುಟ್ಟಿದವರು. 1880ರ ದಶಕದಲ್ಲಿ ಟೋಕಿಯೋದಲ್ಲಿ ಮೇಷ್ಟರಾಗಿದ್ದರು. ಸೇತುವೆಯ ನಡುಭಾಗವನ್ನು ತಿರುಗಿಸುವ ಬದಲು, ಮಲಗಿದ್ದ ಹಾಗೇ ನೇರ ಮೇಲಕ್ಕೆ ಎತ್ತಬಹುದು ಅಂತ ಡುಲೂತ್ ಊರಿಗೆ ಒಂದು ನಕ್ಷೆ ಬರೆದುಕೊಟ್ಟರು. ಅದು ಕಾಗದದಲ್ಲೇ ಉಳಿಯಿತು. ಆಮೇಲೆ 1894ರಲ್ಲಿ ಶಿಕಾಗೋ ನದಿಯ ಮೇಲೆ ಹಾಲ್ಸ್ಟೆಡ್ ಬೀದಿಯಲ್ಲಿ ಅಂಥದ್ದನ್ನು ಕಟ್ಟಿ ತೋರಿಸಿದರು. ಪೋರ್ಟ್‌ಲ್ಯಾಂಡ್‌ನಲ್ಲಿ ಅವರದು ಎರಡು ಸೇತುವೆ. 1910ರ ಹಾಥಾರ್ನ್, 1912ರ ಸ್ಟೀಲ್. ಎರಡೂ ಇವತ್ತಿಗೂ ಏರುತ್ತವೆ, ಇಳಿಯುತ್ತವೆ.

ಇಷ್ಟು ತೂಕವನ್ನು ಹೇಗಪ್ಪಾ ಎತ್ತುತ್ತಾರೆ ಅಂತ ಯೋಚಿಸಿದಾಗ ನನಗೆ ಥಟ್ಟನೆ ಹೊಳೆದದ್ದು ಅಜ್ಜಿ ಮನೆಯ ಬಾವಿ. ರಾಟೆಯ ಮೇಲೆ ಒಂದು ಹಗ್ಗ, ಹಗ್ಗದ ಎರಡು ತುದಿಗೆ ಎರಡು ಕೊಡ. ಒಂದು ಇಳಿದರೆ ಇನ್ನೊಂದು ಏರುತ್ತದೆ. ಇಳಿಯುವ ಕೊಡದ ತೂಕ ನಿಮಗೆ ಸಹಾಯ ಮಾಡುತ್ತದೆ. ಹೊಲದ ಏತದಲ್ಲೂ ಅಷ್ಟೇ, ಹಿಂದಿನ ತುದಿಗೆ ಕಲ್ಲು ಕಟ್ಟಿದರೆ ಮುಂದಿನ ಬಾನಿ ಹಗುರಾಗುತ್ತದೆ. ಸ್ಟೀಲ್ ಬ್ರಿಡ್ಜ್ ಕೂಡ ಅದೇ ಲೆಕ್ಕ. ಎರಡು ಕಡೆ ಎರಡು ಗೋಪುರ. ಗೋಪುರದ ತಲೆಯಲ್ಲಿ ಆಳೆತ್ತರ ಮೀರಿದ ರಾಟೆಗಳು. ಉಕ್ಕಿನ ಹಗ್ಗದ ಒಂದು ತುದಿಗೆ ಸೇತುವೆಯ ನಡುಭಾಗ, ಇನ್ನೊಂದು ತುದಿಗೆ ಸರಿಸುಮಾರು ಅಷ್ಟೇ ತೂಕದ ಗುಂಡು. ತೂಕಕ್ಕೆ ತೂಕ ಸರಿಹೋದ ಮೇಲೆ ಮೋಟಾರಿಗೆ ಉಳಿಯುವುದು ಉಜ್ಜಾಟ ಮೀರಿಸುವ ಕೆಲಸ ಅಷ್ಟೇ. 211 ಅಡಿ ಉದ್ದದ ಉಕ್ಕು ಹಾಗೆ ಎದ್ದು ನಿಲ್ಲುತ್ತದೆ.

ಆದರೆ ನನಗೆ ತುಂಬಾ ಇಷ್ಟವಾದದ್ದು ಇದಲ್ಲ. ಈ ಸೇತುವೆಗೂ ಎರಡು ಅಂತಸ್ತು. ಮೇಲೆ ಮ್ಯಾಕ್ಸ್ ರೈಲು, ಬಸ್ಸು, ಕಾರು. ಕೆಳಗೆ ಗೂಡ್ಸ್ ಗಾಡಿಗಳು ಮತ್ತು ಊರಿಂದೂರಿಗೆ ಹೋಗುವ ಪಾಸೆಂಜರ್ ರೈಲು ಆಮ್‌ಟ್ರ್ಯಾಕ್. ಕೆಳಗಿನ ಅಂತಸ್ತು ಒಂದನ್ನೇ ಎತ್ತಬಹುದು. ಮೇಲಿನದಕ್ಕೆ ಏನೂ ಆಗುವುದಿಲ್ಲ. ಕೆಳಗಿನ ಹಲಗೆಯನ್ನು ಹಿಡಿದಿರುವ ಕಂಬಗಳು ಮೇಲಿನ ಕಂಬಗಳ ಒಳಗೆ, ಕೊಡೆಯ ಕೋಲು ಮಡಚುವ ಹಾಗೆ ಜಾರಿ ಸೇರಿಕೊಳ್ಳುತ್ತವೆ. ಸುಮ್ಮನಿದ್ದಾಗ ಕೆಳಗಿನ ಅಂತಸ್ತು ನೀರಿನಿಂದ 26 ಅಡಿ ಮೇಲೆ. ಅದೊಂದನ್ನೇ ಎತ್ತಿದರೆ 72 ಅಡಿ. ಅಷ್ಟರಲ್ಲಿ ಹೆಚ್ಚಿನ ದೋಣಿಗಳೆಲ್ಲ ದಾಟಿಬಿಡುತ್ತವೆ. ಇನ್ನೂ ಎತ್ತರದ್ದು ಬಂದರೆ ಮಾತ್ರ ಎರಡನ್ನೂ ಒಟ್ಟಿಗೆ ಎತ್ತುತ್ತಾರೆ, ಆಗ 163 ಅಡಿ. ಎರಡು ಅಂತಸ್ತೂ ಹೀಗೆ ಬೇರೆ ಬೇರೆಯಾಗಿ ಏರುವ ಇಂಥ ಸೇತುವೆ ಜಗತ್ತಿನಲ್ಲಿ ಇನ್ನೊಂದಿಲ್ಲ ಅಂತ ಹೇಳುತ್ತಾರೆ. ಕೇಳಿದವರಿಗೆ ಎಷ್ಟು ಬೇಕೋ ಅಷ್ಟೇ ಸರಿಯುವುದು, ಉಳಿದವರನ್ನು ಅವರ ಪಾಡಿಗೆ ಹೋಗಲು ಬಿಡುವುದು. ನೂರಾರು ಟನ್ ಉಕ್ಕಿನಲ್ಲಿ ಇಷ್ಟು ನಾಜೂಕು ತಂದಿದ್ದಾರಲ್ಲ ಅಂತ ನನಗೆ ಮೈ ಜುಮ್ಮೆಂದಿತು.

ಒಂದು ಉದ್ದ, ಒಂದು ಗಿಡ್ಡ

ಅದನ್ನು ಹತ್ತಿರದಿಂದ ನೋಡಬೇಕು ಅಂತ ಮೇ ತಿಂಗಳ ಒಂದು ಬೆಳಿಗ್ಗೆ ಒಬ್ಬಳೇ ಹೋದೆ. 2001ರಲ್ಲಿ ಕೆಳಗಿನ ಅಂತಸ್ತಿನ ಪಕ್ಕಕ್ಕೆ ನಡೆಯುವವರಿಗೂ ಸೈಕಲ್ಲಿನವರಿಗೂ ಒಂದು ಕಿರುದಾರಿ ಜೋಡಿಸಿದ್ದಾರೆ. ಒಂದು ಕೈಚಾಚಿನ ದೂರದಲ್ಲಿ ರೈಲು ಹಳಿ, ಇನ್ನೊಂದು ಪಕ್ಕ ನೀರು. ಅರ್ಧ ಗಂಟೆ ಅಲ್ಲೇ ಅಡ್ಡಾಡಿದೆ. ಆಗ ದೂರದಿಂದ ಹಾರ್ನ್ ಕೇಳಿಸಿತು. ಒಂದು ಉದ್ದ, ಒಂದು ಗಿಡ್ಡ. ತೆರೆಯಿರಿ ಅಂತ ದೋಣಿಯವರು ಕೇಳುವ ರೀತಿ ಅದು. ತೆರೆಯುವುದಾದರೆ ಸೇತುವೆಯವರೂ ಅದನ್ನೇ ತಿರುಗಿಸಿ ಊದುತ್ತಾರೆ. ಈಗ ಆಗಲ್ಲ ಅನ್ನುವುದಾದರೆ ಐದು ಗಿಡ್ಡ. ರೇಡಿಯೋದಲ್ಲೂ ಕೇಳುವುದುಂಟು, ಆದರೆ ಈ ಹಳೆಯ ಪದ್ಧತಿ ಹೋಗಿಲ್ಲ. ನನ್ನ ತಲೆಯ ಮೇಲಿಂದ ಉತ್ತರ ಬಂತು. ಒಂದು ಉದ್ದ, ಒಂದು ಗಿಡ್ಡ.

ಗಂಟೆ ಹೊಡೆಯಿತು. ನಾನು ದಡದ ಕಡೆಗೆ ಸರಿದೆ, ಗೇಟು ಮುಚ್ಚಿತು. ನನ್ನ ಕಾಲಿನ ಮುಂದೆಯೇ ಹಳಿಗಳು ಒಂದಕ್ಕೊಂದು ಬಿಟ್ಟುಕೊಂಡವು. ಒಂದು ಬೆರಳಿನಷ್ಟು ಸಂದು ಕಂಡಿತು, ಆಮೇಲೆ ಒಂದು ಗೇಣು, ಆಮೇಲೆ ಇಡೀ ಸೇತುವೆಯೇ ಮೇಲೆ. ತಳದ ಉಕ್ಕಿಗೆ ಅಂಟಿದ್ದ ಮಳೆನೀರು ಸಾಲಾಗಿ ನದಿಗೆ ತೊಟ್ಟಿಕ್ಕಿತು. ಕಂಬಗಳು ಕಂಬಗಳೊಳಗೆ ಜಾರುವಾಗ ಗ್ರೀಸಿನ ಕಪ್ಪು ಪಟ್ಟೆ ಮಿರಮಿರ ಮಿಂಚಿತು. ನಾನು ದೊಡ್ಡ ಸದ್ದು ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ಒಂದು ಗುಂಯ್ ಅನ್ನುವ ಸದ್ದು, ಅಷ್ಟೇ. ಪೂರ್ವ ದಡದಲ್ಲಿ ಒಂದು ಗೂಡ್ಸ್ ಗಾಡಿ ಹೆಡ್‌ಲೈಟ್ ಹಾಕಿಕೊಂಡು ಕಾಯುತ್ತಿತ್ತು. ಅದೇ ಹೊತ್ತಿಗೆ ಮೇಲಿನ ಅಂತಸ್ತಿನಲ್ಲಿ ಮ್ಯಾಕ್ಸ್ ರೈಲೊಂದು ಏನೂ ಆಗಿಲ್ಲವೇನೋ ಎಂಬಂತೆ ದಾಟಿಹೋಯಿತು. ಕೆಳಗೆ ಬಂದದ್ದು ಗಂಡ ಹೆಂಡತಿ ಇಬ್ಬರೇ ಇದ್ದ ಹಾಯಿದೋಣಿ. ಆಕೆ ತಲೆ ಎತ್ತಿ ಮೇಲಕ್ಕೆ ಕೈ ಬೀಸಿದಳು. ನಾನೂ ಮೇಲೆ ನೋಡಿದೆ. ಸೇತುವೆ ಎತ್ತುವವರ ಕೋಣೆ ನಡುಭಾಗದ ಮೇಲೆಯೇ ಇದೆ, ಯಂತ್ರದ ಮನೆಗೆ ತೂಗುಬಿಟ್ಟ ಹಾಗೆ. ಮೇಲಿನ ಅಂತಸ್ತು ಏರಿದಾಗ ಅವರೂ ಅದರ ಜೊತೆ ಏರುತ್ತಾರೆ. ಗಾಜಿನ ಹಿಂದೆ ಒಂದು ಕೈ ಅಲ್ಲಾಡಿದ್ದು ಕಂಡಿತು, ಮುಖ ಕಾಣಲಿಲ್ಲ. 1912ರಿಂದ ಆ ಕೋಣೆಯಲ್ಲಿ ಕೂತು ಎಷ್ಟು ಜನ ಎಷ್ಟು ದೋಣಿಗಳಿಗೆ ದಾರಿ ಬಿಟ್ಟಿದ್ದಾರೋ. ನಮ್ಮ ಗೇಟಜ್ಜನ ಕೋಣೆಯಲ್ಲೂ ಒಂದು ಕುರ್ಚಿ, ಒಂದು ಫೋನು, ಒಂದು ಗಡಿಯಾರ ಇತ್ತು. ಗೋಡೆಗೆ ಎರಡು ಬಾವುಟ ಒರಗಿಸಿರುತ್ತಿದ್ದರು. ಮಳೆ ಬರಲಿ, ಹಬ್ಬ ಬರಲಿ, ಅವರು ಜಾಗ ಬಿಟ್ಟದ್ದನ್ನು ನಾನು ನೋಡಿಲ್ಲ.

ನದಿಯ ಹಕ್ಕಿನಲ್ಲೂ ಈಗ ಸ್ವಲ್ಪ ರಾಜಿ ಆಗಿದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಆಫೀಸಿನ ಹೊತ್ತಿಗೆ ಊರಿನ ರಸ್ತೆ ಸೇತುವೆಗಳನ್ನು ತೆರೆಯಬೇಕಿಲ್ಲ ಎಂಬ ವಿನಾಯಿತಿ ಇದೆ. ಅದು ಸರಿಯೇ ಅನ್ನಿಸಿತು. ಸೇತುವೆಯ ಯಜಮಾನಿಕೆಯೂ ಹೀಗೇ ಹಂಚಿಹೋಗಿದೆ. ಒಡೆತನ ಯೂನಿಯನ್ ಪೆಸಿಫಿಕ್ ರೈಲ್ವೆಯದು. ಮೇಲಿನ ಅಂತಸ್ತನ್ನು ರಾಜ್ಯ ಸರ್ಕಾರ ಬಾಡಿಗೆಗೆ ಪಡೆದಿದೆ, ಅವರಿಂದ ಟ್ರೈಮೆಟ್ ಸಾರಿಗೆಯವರು ಪಡೆದಿದ್ದಾರೆ. ಹತ್ತುವ ಇಳಿಯುವ ದಾರಿಗಳನ್ನು ನಗರದವರು ನೋಡಿಕೊಳ್ಳುತ್ತಾರೆ. ಹಳೇ ಕಾಲದ ಟ್ರಾಮುಗಳು 1948ರ ಹೊತ್ತಿಗೆ ಸೇತುವೆಯಿಂದ ಹೋಗಿದ್ದವು. 1986ರಲ್ಲಿ ಮ್ಯಾಕ್ಸ್ ಬಂದು ಮತ್ತೆ ಮೇಲೆ ಹಳಿ ಬಿತ್ತು. ಈಗ ನಾಲ್ಕು ಲೈನುಗಳು ಇದೊಂದೇ ಸೇತುವೆಯ ಮೇಲೆ ನಿಧಾನಕ್ಕೆ ತೆವಳುತ್ತವೆ. ನದಿಯ ಅಡಿ ಸುರಂಗ ಕೊರೆಯೋಣ ಅನ್ನುವ ಮಾತೂ ನಡೆದಿದೆ. ಸುರಂಗ ಬಂದರೆ ಯಾರೂ ಯಾರಿಗೂ ಕಾಯಬೇಕಿಲ್ಲ. ದಿನವೂ ಕೆಲಸಕ್ಕೆ ಹೋಗುವವರಿಗೆ ಅದು ಬೇಕು, ನಾನು ಅದಕ್ಕೆ ಅಡ್ಡ ಮಾತಾಡುವುದಿಲ್ಲ. ಆದರೂ ಆ ಹಾರ್ನಿನ ಸವಾಲ್ ಜವಾಬ್ ನಿಂತುಹೋಗಬಾರದು ಅಂತ ಮನಸ್ಸು ಬಯಸುತ್ತದೆ.

ಒಂದೇ ಡಿಸೆಂಬರ್

ಹುಡುಕುತ್ತಾ ಹೋದಾಗ ಒಂದು ವಿಷಯ ನನ್ನನ್ನು ನಿಲ್ಲಿಸಿಬಿಟ್ಟಿತು. 1964ರ ಡಿಸೆಂಬರ್ ಕೊನೆಯ ವಾರಗಳಲ್ಲಿ ಈ ಊರಿರುವ ಒರೆಗಾನ್ ರಾಜ್ಯದಲ್ಲಿ ಭಾರಿ ಪ್ರವಾಹ ಬಂತು. ಕ್ರಿಸ್‌ಮಸ್ ಪ್ರವಾಹ ಅಂತಲೇ ಅದಕ್ಕೆ ಹೆಸರು. ವಿಲ್ಯಾಮೆಟ್ ಉಕ್ಕಿ ಸ್ಟೀಲ್ ಬ್ರಿಡ್ಜಿನ ಕೆಳ ಅಂತಸ್ತಿಗೆ ಕುತ್ತು ತಂದಿತು. ಅದೇ ಡಿಸೆಂಬರಿನ 22-23ರ ರಾತ್ರಿ ಧನುಷ್ಕೋಟಿಯ ಚಂಡಮಾರುತ. ನಮ್ಮ ಪಾಂಬನ್ ರೈಲು ಸೇತುವೆಯ ಹೆಚ್ಚಿನ ತೊಲೆಗಳನ್ನು ಸಮುದ್ರ ಎಳೆದುಕೊಂಡು ಹೋಯಿತು. ಪಾಸೆಂಜರ್ ರೈಲೊಂದು ಜನರ ಸಮೇತ ಮುಳುಗಿತು. ಪಾಂಬನ್ನಿನದು 1914ರ ಸೇತುವೆ, ಸ್ಟೀಲ್ ಬ್ರಿಡ್ಜಿಗಿಂತ ಎರಡೇ ವರ್ಷ ಚಿಕ್ಕದು. ಅದೂ ಹಡಗಿಗೆ ದಾರಿ ಬಿಡುವ ಸೇತುವೆಯೇ. ನಡುವಿನ ಎರಡು ರೆಕ್ಕೆಗಳನ್ನು ಜನ ಕೈಯಿಂದಲೇ ಸನ್ನೆ ತಿರುಗಿಸಿ ಎತ್ತುತ್ತಿದ್ದರು. ಆ ರಾತ್ರಿ ತೊಲೆಗಳು ಹೋದರೂ ಎತ್ತುವ ಆ ರೆಕ್ಕೆಗಳು ಮಾತ್ರ ಉಳಿದುಕೊಂಡವು. ಮುಂದೆ ಕೊಂಕಣ ರೈಲ್ವೆ ಕಟ್ಟಿದ ಇ. ಶ್ರೀಧರನ್ ಆಗ ಇನ್ನೂ ಚಿಕ್ಕ ವಯಸ್ಸಿನವರು. ಮುಳುಗಿದ ತೊಲೆಗಳನ್ನು ನೀರಿನಿಂದಲೇ ಎತ್ತಿಸಿ 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರು.

ಚಿಕ್ಕವಳಿದ್ದಾಗ ಅಪ್ಪನ ಜೊತೆ ರಾಮೇಶ್ವರಕ್ಕೆ ಹೋಗುವಾಗ ನಾನು ಆ ಸೇತುವೆ ದಾಟಿದ್ದೇನೆ. ರೈಲು ಹೆಜ್ಜೆ ಎಣಿಸುವ ಹಾಗೆ ಹೋಗುತ್ತಿತ್ತು. ಅಪ್ಪ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದಿದ್ದರು. ಈಗ ಅದರ ಪಕ್ಕದಲ್ಲಿ ಹೊಸ ಸೇತುವೆ ಬಂದಿದೆ. 2025ರ ಏಪ್ರಿಲ್‌ನಲ್ಲಿ ಉದ್ಘಾಟನೆ ಆಯಿತು. ಎರಡು ಗೋಪುರ, ಮೇಲೆ ರಾಟೆ, ನಡುವೆ ನೇರ ಮೇಲೇಳುವ 72.5 ಮೀಟರ್ ಉದ್ದದ ಭಾಗ. ಟಿವಿಯಲ್ಲಿ ಅದು ಏರುವುದನ್ನು ನೋಡಿದಾಗ ನನಗೆ ಪೋರ್ಟ್‌ಲ್ಯಾಂಡೇ ಕಂಡಿತು. ಜೋಡಿ ಕೊಡದ ಬಾವಿ ಈಗ ನಮ್ಮ ಸಮುದ್ರದಲ್ಲೂ ಇದೆ.

ಕೆಳಗಿನ ಅಂತಸ್ತಿನಿಂದ

ವಾಪಸ್ ಹೊರಡುವ ಮುಂಚೆ, ಜೂನ್ ತಿಂಗಳಲ್ಲಿ ಇನ್ನೂ ಎರಡು ಸಲ ಆ ಸೇತುವೆ ನೋಡಿದೆ. ಒಮ್ಮೆ ಗುಲಾಬಿ ಹಬ್ಬಕ್ಕೆ ನೌಕಾಪಡೆಯ ಹಡಗುಗಳು ಬಂದಾಗ. ಎರಡು ಅಂತಸ್ತೂ ತುದಿಯವರೆಗೆ ಏರಿದವು. ದಡದಲ್ಲಿ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಎಲ್ಲರ ಕಣ್ಣು ಹಡಗಿನ ಮೇಲೆ, ನನ್ನದು ಮಾತ್ರ ಆಕಾಶದಲ್ಲಿದ್ದ ಆ ಪುಟ್ಟ ಕೋಣೆಯ ಮೇಲೆ.

ಇನ್ನೊಂದು ಸಲ ಕೆಳಗಿನಿಂದ. ಒರೆಗಾನಿನ ಸೇಲಂಗೆ ಹೋಗೋಣ ಅಂತ ಮಗಳು ಆಮ್‌ಟ್ರ್ಯಾಕ್ ಟಿಕೆಟ್ ತೆಗೆದಿದ್ದಳು. ಯೂನಿಯನ್ ಸ್ಟೇಷನ್ 1896ರ ಕಟ್ಟಡ, ಗಡಿಯಾರದ ಗೋಪುರ ದೂರಕ್ಕೇ ಕಾಣುತ್ತದೆ. ಅಲ್ಲಿಂದ ಹೊರಟ ರೈಲು ಎರಡು ನಿಮಿಷಕ್ಕೇ ಸೇತುವೆಯ ಬಾಯಿಗೆ ಬಂದು ನಿಂತಿತು. ಕಿಟಕಿಗೆ ಕೆನ್ನೆ ಹಚ್ಚಿ ನೋಡಿದೆ. ಹಲಗೆ ಮೇಲೆ ಹೋಗಿತ್ತು. ಹಿಂದಿನ ಸೀಟಿನ ಮಗು "ಯಾಕೆ ನಿಂತಿತು?" ಅಂತ ಇಂಗ್ಲಿಷಿನಲ್ಲಿ ಕೇಳಿತು. ಅದರ ಅಜ್ಜಿ "ದೋಣಿ ಬರ್ತಿದೆ ಪುಟ್ಟ" ಅಂದರು. ಮಗು ಸೀಟಿನ ಮೇಲೆ ಹತ್ತಿ ನಿಂತು ದೋಣಿಗಾಗಿ ಹುಡುಕತೊಡಗಿತು. ನಾನೂ ಹುಡುಕಿದೆ. ನೀಲಿ ಬಣ್ಣದ ಹಾಯಿದೋಣಿ ಒಂದು ಬಂತು. ಅದರ ಕೂವೆಮರ ಸೇತುವೆಯ ಅಡಿಯಲ್ಲಿ ನಿಧಾನವಾಗಿ ಜರುಗಿತು. ಹಲಗೆ ಇಳಿದು ಹಳಿಗೆ ಹಳಿ ಕೂಡಿತು. ರೈಲು ಮೆಲ್ಲಗೆ ಅದರ ಮೇಲೆ ಕಾಲಿಟ್ಟಿತು. ಮಗು ದೋಣಿಗೆ ಕೈ ಬೀಸುತ್ತಲೇ ಇತ್ತು.